ಎದುರು ಮಾತಿಗೆ ಎಡೆ

ಕಾವ್ಯ, ಕಾದಂಬರಿ, ನಾಟಕಗಳ ವಿಚಾರಕ್ಕೆ ಮೀಸಲಾದ ಈ ಪುಟದಲ್ಲಿ ವಿಡಿಯೋ ಆಟವೊಂದನ್ನು ವಿಮರ್ಶೆಗೆ ಎತ್ತಿಕೊಂಡಿರುವುದನ್ನು ಕಂಡು ಹಳೆಯ ವಾಚಕರು ಹುಬ್ಬೇರಿಸಬಹುದು. ಒಂದು ವರ್ಷದ ಹಿಂದೆ ನಾನೂ ಹಾಗೆಯೇ ಮಾಡುತ್ತಿದ್ದೆ. ಇಂಥ ಆಟವೆಂದರೆ ಹುಡುಗರು ಬೇಸಿಗೆಯ ರಜೆ ಕಳೆಯುವ ಒಂದು ಸಾಧನ, ಅದರಲ್ಲಿ ಗುಂಡು ಹಾರುವುದನ್ನು ಬಿಟ್ಟು ಬೇರೇನೂ ಇರಲಾರದು ಎಂಬುದೇ ನನ್ನ ತಿಳಿವಳಿಕೆಯಾಗಿತ್ತು. ನಿವೃತ್ತನಾದ ಮೇಲೆ ತಂಗಿಯ ಮನೆಯಲ್ಲಿ ಕೆಲವು ದಿನ ಇದ್ದಾಗ ಅವಳ ಮಗ ತನ್ನ ಕಂಪ್ಯೂಟರಿನ ಮುಂದೆ ನನ್ನನ್ನು ಕೂಡಿಸಿ, “ಮಾವ, ಇದನ್ನು ಆಡಿ ನೋಡಿ. ಕೊನೆಗೆ ಯಾರ ಕಡೆ ಸೇರಬೇಕೆಂದು ನೀವೇ ಹೇಳಿ” ಎಂದ. ಆಡುತ್ತ ಆಡುತ್ತ ತೊಡಕಿಗೆ ಸಿಕ್ಕಿಕೊಂಡು ನಾನು ಅವನನ್ನೇ ಕೇಳಿದಾಗ ಬಂದ ಉತ್ತರ ಇಷ್ಟು: “ಎಲ್ಲರೂ ಕಳ್ಳರೇ ಮಾವ. ಯಾರ ಕಡೆ ಸೇರಿದರೂ ಒಂದೇ.”

ಈ ಮಾತು ನನಗೆ ಹೊಸದಲ್ಲ. ಕಚೇರಿಯಲ್ಲಿ ಕಾಫಿ ಕುಡಿಯುವಾಗ, ಮತದಾನದ ಹಿಂದಿನ ಸಂಜೆ, ಮದುವೆಮನೆಯ ಪಂಕ್ತಿಯಲ್ಲಿ ಮೂವತ್ತು ವರ್ಷ ಇದನ್ನು ಕೇಳಿದ್ದೇನೆ. ಹಲವು ಸಲ ನಾನೇ ಆಡಿದ್ದೇನೆ. ಆಡಿದವನಿಗೆ ಅದರಿಂದ ಒಂದು ನೆಮ್ಮದಿ ಸಿಗುತ್ತದೆ, ಮುಂದೆ ಯೋಚಿಸಬೇಕಾದ ಕಷ್ಟ ತಪ್ಪುತ್ತದೆ. ಆ ಮಾತು ಎಷ್ಟರಮಟ್ಟಿಗೆ ನಿಜವೆಂದು ಒರೆಹಚ್ಚಿ ನೋಡುವುದಕ್ಕೆ ಈ ಆಟ ನನಗೆ ಒದಗಿತು. ಆದುದರಿಂದ ಈ ಬರಹ.

ಆಟದ ಹೆಸರು ‘ಫಾಲ್‌ಔಟ್: ನ್ಯೂ ವೇಗಸ್’. ಕ್ಯಾಲಿಫೋರ್ನಿಯಾದ ಆಬ್ಸಿಡಿಯನ್ ಎಂಟರ್‌ಟೈನ್‌ಮೆಂಟ್ ಸಂಸ್ಥೆ ಜೋಶ್ ಸಾಯರ್ ಅವರ ನಿರ್ದೇಶನದಲ್ಲಿ ಇದನ್ನು ರಚಿಸಿತು. 2010ರ ಅಕ್ಟೋಬರಿನಲ್ಲಿ ಬೆಥೆಸ್ಡಾ ಸಂಸ್ಥೆ ಪ್ರಕಟಿಸಿತು. ಕಥೆಯ ಕಾಲ 2281. 2077ರ ಅಣುಯುದ್ಧದಲ್ಲಿ ಜಗತ್ತು ಸುಟ್ಟುಹೋಗಿ ಇನ್ನೂರು ವರ್ಷ ಕಳೆದಿದೆ. ಸ್ಥಳ ಅಮೆರಿಕದ ಮೊಹಾವೆ ಮರುಭೂಮಿ. ಎಲ್ಲರ ಕಣ್ಣೂ ಕೊಲೊರಾಡೊ ನದಿಯ ಹೂವರ್ ಅಣೆಕಟ್ಟಿನ ಮೇಲೆ. 1930ರ ದಶಕದಲ್ಲಿ ನಿಜವಾಗಿಯೂ ಕಟ್ಟಿದ ಈ ಅಣೆಕಟ್ಟು ಆಟದಲ್ಲಿ ಬಾಂಬುಗಳಿಂದ ಹೇಗೋ ಉಳಿದುಕೊಂಡಿದೆ. ಅದರ ನೀರೂ ವಿದ್ಯುತ್ತೂ ಯಾರ ಕೈಯಲ್ಲಿವೆಯೋ ನಾಡು ಅವರದು. ಆಟಗಾರನೋ ಒಬ್ಬ ಬಡ ಓಲೆಕಾರ. ಅವನು ಒಯ್ಯುತ್ತಿದ್ದ ವಸ್ತುವಿಗಾಗಿ ಯಾರೋ ಅವನ ತಲೆಗೆ ಗುಂಡು ಹೊಡೆದು ಹೂಳುತ್ತಾರೆ. ಹಳ್ಳಿಯ ಮುದಿ ವೈದ್ಯನೊಬ್ಬ ಅವನನ್ನು ಬದುಕಿಸುತ್ತಾನೆ. ಕಡೆಗೆ ಅಣೆಕಟ್ಟಿನ ಯುದ್ಧದಲ್ಲಿ ಯಾರು ಗೆಲ್ಲಬೇಕೆಂಬುದು ಇದೇ ಓಲೆಕಾರನ ಕೈಗೆ ಬರುತ್ತದೆ.

ಅವನ ಮುಂದಿರುವ ದಾರಿಗಳು ನಾಲ್ಕು. ಮೊದಲನೆಯದು ಪಶ್ಚಿಮದಿಂದ ಬಂದ ಹೊಸ ಕ್ಯಾಲಿಫೋರ್ನಿಯಾ ಗಣರಾಜ್ಯ. ಚುನಾವಣೆ, ಕಾನೂನು, ಅಧ್ಯಕ್ಷ ಎಲ್ಲವೂ ಇವರಿಗುಂಟು. ಜೊತೆಗೆ ತೆರಿಗೆ, ದೊಡ್ಡ ಜಮೀನುದಾರರ ದುರಾಸೆ, ಸಾಲದ ಸೈನ್ಯ, ಸಾಲದ ಅನ್ನವೂ ಉಂಟು. ಬಿಟರ್ ಸ್ಪ್ರಿಂಗ್ಸ್ ಎಂಬಲ್ಲಿ ಇವರ ಸೈನಿಕರು ಓಡುತ್ತಿದ್ದ ಹೆಂಗಸರು ಮಕ್ಕಳ ಮೇಲೆ ಗುಂಡು ಹಾರಿಸಿದವರು. ಎರಡನೆಯದು ಪೂರ್ವದಿಂದ ಬಂದ ಸೀಸರನ ದಂಡು. ಹಳೆಯ ರೋಮಿನ ಪುಸ್ತಕಗಳನ್ನು ಓದಿ, ಎಂಬತ್ತಾರು ಬುಡಕಟ್ಟುಗಳನ್ನು ಗೆದ್ದು, ಗುಲಾಮಗಿರಿಯ ಮೇಲೆ ಕಟ್ಟಿದ ಸೈನ್ಯವಿದು. ಮೂರನೆಯವನು ಹೌಸ್ ಎಂಬ ಧನಿಕ. ಯುದ್ಧಕ್ಕೆ ಮುಂಚೆ ಹುಟ್ಟಿ, ಯಂತ್ರಗಳ ನಡುವೆ ಮಲಗಿ ಇನ್ನೂರು ವರ್ಷಕ್ಕೂ ಮೇಲೆ ಜೀವ ಹಿಡಿದಿರುವ ಈತ ಬಾಂಬುಗಳಿಂದ ವೇಗಸ್ ನಗರವನ್ನು ಉಳಿಸಿದವನು. ಇನ್ನು ನೂರು ವರ್ಷದಲ್ಲಿ ಮನುಷ್ಯರನ್ನು ಬೇರೆ ಲೋಕಗಳಿಗೆ ಕಳುಹಿಸುತ್ತೇನೆಂದು ಅವನ ಯೋಜನೆ. ನಾಲ್ಕನೆಯದು ಇವರೆಲ್ಲರನ್ನೂ ಹೊರದಬ್ಬಿ ಓಲೆಕಾರ ತಾನೇ ನಗರವನ್ನು ಹಿಡಿಯುವ ದಾರಿ. ಇದಕ್ಕೆ ನೆರವಾಗುವ ಯಂತ್ರಮಾನವನ ಹೆಸರು ‘ಯೆಸ್ ಮ್ಯಾನ್’. ಏನು ಹೇಳಿದರೂ ಹೂಂಗುಟ್ಟುವಂತೆ ಅದನ್ನು ತಿದ್ದಿದ್ದಾರೆ.

ಆಟ ನಮ್ಮ ನಡತೆಗೆ ಎರಡು ಲೆಕ್ಕ ಇಡುತ್ತದೆ. ಒಂದಕ್ಕೆ ನಮ್ಮದೇ ಪದವಾದ ‘ಕರ್ಮ’ ಎಂಬ ಹೆಸರು. ಯಾರೂ ನೋಡದಿದ್ದರೂ ಕದ್ದರೆ ಅದು ಕುಗ್ಗುತ್ತದೆ. ಇನ್ನೊಂದು ಕೀರ್ತಿ. ಇದನ್ನು ಪ್ರತಿ ಊರಿಗೆ, ಪ್ರತಿ ಪಕ್ಷಕ್ಕೆ ಬೇರೆಬೇರೆಯಾಗಿ ಬರೆದಿಡುತ್ತಾರೆ. ವಿಶೇಷವೆಂದರೆ ಕೀರ್ತಿ ಅಪಕೀರ್ತಿಗಳು ಒಂದನ್ನೊಂದು ಅಳಿಸುವುದಿಲ್ಲ. ಹತ್ತು ಉಪಕಾರ ಮಾಡಿದರೂ ಹಿಂದೆ ಮಾಡಿದ ದ್ರೋಹ ಪುಸ್ತಕದಲ್ಲಿ ಹಾಗೆಯೇ ಇರುತ್ತದೆ. ಜನ ಎರಡನ್ನೂ ನೆನೆಯುತ್ತಾರೆ. ಕರ್ಮದಿಂದ ಆಟದಲ್ಲಿ ಆಗುವ ವ್ಯತ್ಯಾಸ ಅತ್ಯಲ್ಪ, ಕೀರ್ತಿಯಿಂದ ಆಗುವುದು ಬಹಳ. ಒಳ್ಳೆಯವನಾಗಿರುವುದಕ್ಕೂ ಒಂದು ಊರಿನವರಿಂದ ಒಳ್ಳೆಯವನೆನ್ನಿಸಿಕೊಳ್ಳುವುದಕ್ಕೂ ಇರುವ ಅಂತರವನ್ನು ಇಷ್ಟು ಸರಳವಾಗಿ ಕಾಣಿಸಿದ ಕಾದಂಬರಿಗಳು ಹೆಚ್ಚಿಲ್ಲ.

ಆದರೆ ಗುಣದೊಡನೆ ದೋಷವನ್ನೂ ಹೇಳಬೇಕು. ನಾಲ್ಕು ದಾರಿಗಳೂ ಸಮತೂಕದವೆಂದು ಆಟದ ಅಭಿಮಾನಿಗಳು ವಾದಿಸುವುದುಂಟು. ನನಗೆ ಹಾಗೆ ತೋರಲಿಲ್ಲ. ಸೀಸರನ ದಂಡನ್ನು ನಾವು ಮೊದಲು ಕಾಣುವುದು ನಿಪ್ಟನ್ ಎಂಬ ಊರಿನಲ್ಲಿ. ಅಲ್ಲಿ ಅವರು ಊರವರಿಗೆಲ್ಲ ಲಾಟರಿ ಎತ್ತಿಸಿ, ಒಬ್ಬನನ್ನು ಬಿಟ್ಟು, ಮತ್ತೊಬ್ಬನ ಕಾಲು ಮುರಿದು, ಉಳಿದವರಲ್ಲಿ ಹಲವರನ್ನು ಶಿಲುಬೆಗೇರಿಸಿ, ಸುಟ್ಟು ಕೊಂದಿದ್ದಾರೆ. ಸೀಸರನ ನಾಡಿನಲ್ಲಿ ದಾರಿಗಳ್ಳರಿಲ್ಲ, ವ್ಯಾಪಾರಿಗಳು ನಿರ್ಭಯವಾಗಿ ಓಡಾಡುತ್ತಾರೆ ಎಂದು ಆಮೇಲೆ ಕೆಲವರ ಬಾಯಿಂದ ಕೇಳುತ್ತೇವೆ. ಆದರೆ ಆ ನಾಡನ್ನು ನಾವು ಕಾಣುವುದೇ ಇಲ್ಲ. ಆಟವನ್ನು ಸುಮಾರು ಹದಿನೆಂಟು ತಿಂಗಳಲ್ಲಿ ಮುಗಿಸಬೇಕಾಗಿ ಬಂದು ನದಿಯ ಆಚೆಯ ಭಾಗ ಉಳಿದುಹೋಯಿತು. ಕಾರಣ ಏನೇ ಇರಲಿ, ಕಣ್ಣಿಗೆ ಕಂಡದ್ದು ಹೆಣಗಳು, ಕಿವಿಗೆ ಬಿದ್ದದ್ದು ಹೊಗಳಿಕೆ. ನಮ್ಮ ರನ್ನನು ‘ಗದಾಯುದ್ಧ’ದಲ್ಲಿ ದುರ್ಯೋಧನನಿಗೆ ಘನತೆ ತಂದದ್ದು ಯಾರಿಂದಲೋ ಹೊಗಳಿಸಿ ಅಲ್ಲ. ತನ್ನವರ ಹೆಣಗಳ ನಡುವೆ ಅವನನ್ನು ನಡೆಸಿ, ಆ ದುಃಖವನ್ನು ನಮ್ಮ ಕಣ್ಣಿಗೇ ತೋರಿಸಿದ. ಪ್ರತಿಪಕ್ಷದವನ ಬಗ್ಗೆ ಸಂದೇಹಕ್ಕೆಡೆಯಾಗಬೇಕಾದರೆ ಕವಿ ಅಷ್ಟು ಶ್ರಮಪಡಲೇಬೇಕು. ದಂಡಿನ ವಿಷಯದಲ್ಲಿ ಈ ಆಟ ಆ ಶ್ರಮವನ್ನು ಪಟ್ಟಿಲ್ಲ.

ಹಾಗಾದರೆ ಉಳಿದ ಮೂರರಲ್ಲಿ ಯಾವುದು? ನಾನು ಬಹಳ ದಿನ ಹೌಸ್‌ನ ಕಡೆಯಿದ್ದೆ. ದಕ್ಷತೆಯ ಮೇಲೆ ನನಗೊಂದು ಮೋಹವಿದೆ. ಕಡತ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗಲು ತಿಂಗಳು ಹಿಡಿಯುವುದನ್ನು ಕಂಡು ಬೇಸತ್ತವನಿಗೆ, ಎಲ್ಲವನ್ನೂ ತಿಳಿದು ತಾನೊಬ್ಬನೇ ನಿರ್ಧರಿಸುವ ಯಜಮಾನನನ್ನು ಕಂಡರೆ ಆಸೆಯಾಗುವುದು ಸಹಜ. ಆ ಮೋಹ ಕಳೆದದ್ದು ಒಂದು ಆಜ್ಞೆಯಿಂದ.

‘ಬ್ರದರ್‌ಹುಡ್ ಆಫ್ ಸ್ಟೀಲ್’ ಎಂಬುದು ಹಳೆಯ ಯಂತ್ರವಿದ್ಯೆಯನ್ನು ಕಾಯ್ದುಕೊಂಡು ನೆಲದಡಿಯ ಬಂಕರಿನಲ್ಲಿ ಅಡಗಿರುವ ಒಂದು ಪಂಥ. ಒಳ್ಳೆಯವರೆನ್ನಲಾರೆ, ಬಲವಿದ್ದಾಗ ಅವರೂ ಇತರರನ್ನು ಪೀಡಿಸಿದವರೇ. ಆ ಪಂಥದ ವೆರೊನಿಕಾ ಎಂಬ ಹುಡುಗಿ ನನ್ನ ಜೊತೆಗಾತಿಯಾಗಿದ್ದಳು. ನಮ್ಮವರು ಬಾಗಿಲು ತೆಗೆದು ಹೊರಗೆ ಬಂದಾರೇ ಎಂಬುದೊಂದೇ ಅವಳ ಕೊರಗು. ಹೌಸ್ ನನ್ನನ್ನು ಕರೆದು, ಆ ಬಂಕರನ್ನು ಒಳಗಿರುವವರ ಸಮೇತ ನಾಶಮಾಡು ಎಂದ. ಕಾರಣ ಕೇಳಿದರೆ ಕೊಟ್ಟ. ಕಾರಣ ಬುದ್ಧಿವಂತಿಕೆಯದೇ ಆಗಿತ್ತು. ಬೇರೆ ಉಪಾಯ ಉಂಟೇ ಎಂದರೆ ಇಲ್ಲ. ಮಾಡದಿದ್ದರೆ ಅವನ ದಾರಿ ಅಲ್ಲಿಗೆ ಮುಚ್ಚಿತು.

ಮತ್ತೆ ಹಿಂದಿನಿಂದ ಆಡಿ ನೋಡಿದೆ. ಸೀಸರನೂ ಇದೇ ಆಜ್ಞೆ ಕೊಡುತ್ತಾನೆ, ಅಲ್ಲಿಯೂ ಪರ್ಯಾಯವಿಲ್ಲ. ಗಣರಾಜ್ಯದ ಕರ್ನಲ್ ಮೂರ್ ಎಂಬಾಕೆಯೂ ಇದನ್ನೇ ಬಯಸುತ್ತಾಳೆ. ಮೂವರು ಯಜಮಾನರು, ಒಂದೇ ಆಜ್ಞೆ. ಇಲ್ಲಿಗೆ ನಿಲ್ಲಿಸಿದ್ದರೆ ನನ್ನ ಅಳಿಯನ ಮಾತೇ ಗೆದ್ದಿತ್ತು. ಆದರೆ ಗಣರಾಜ್ಯದ ದಾರಿಯಲ್ಲಿ ಮಾತ್ರ ಒಂದು ಸಣ್ಣ ಕಿಂಡಿಯಿದೆ. ಆ ಪಂಥದ ವಿಶ್ವಾಸವನ್ನು ಮೊದಲೇ ಗಳಿಸಿಕೊಂಡು, ಅವರ ಹಿರಿಯ ಮ್ಯಾಕ್‌ನಮಾರಾನೊಡನೆ ಮಾತನಾಡಿದರೆ, ಎರಡು ಕಡೆಗೂ ಒಂದು ಒಡಂಬಡಿಕೆಯಾಗುತ್ತದೆ. ಕರ್ನಲ್‌ಗೆ ಇದು ಹಿಡಿಸುವುದಿಲ್ಲ. ಆದರೂ ನಡೆಯುತ್ತದೆ. ಬಂಕರಿನಲ್ಲಿದ್ದವರು ಬದುಕುತ್ತಾರೆ, ನಾನೂ ಆ ಪಕ್ಷದಲ್ಲಿಯೇ ಉಳಿಯುತ್ತೇನೆ.

ಎರಡು ಪಕ್ಷಗಳಲ್ಲಿ ದೋಷಗಳಿರುವಾಗ ದೋಷಗಳನ್ನು ಎಣಿಸುವುದು ನಮ್ಮ ರೂಢಿ. ಈ ಆಟ ನನಗೆ ಬೇರೊಂದು ಅಳತೆಗೋಲು ಕೊಟ್ಟಿತು. ಆ ಪಕ್ಷದೊಳಗಿದ್ದುಕೊಂಡೇ ಅದರ ಆಜ್ಞೆಗೆ ‘ಬೇಡ’ ಎನ್ನಬಹುದೇ? ಎಂದರೆ ನಡೆಯುವ ಕಾರ್ಯದಲ್ಲಿ ಎಳ್ಳಷ್ಟಾದರೂ ವ್ಯತ್ಯಾಸವಾದೀತೇ? ಈ ಎರಡನೆಯ ಪ್ರಶ್ನೆ ಮುಖ್ಯ. ಭಾರತದ ದ್ಯೂತಸಭೆಯಲ್ಲಿ ವಿಕರ್ಣನು ಅಣ್ಣಂದಿರಿಗೆ ಎದುರು ಮಾತನಾಡಿದ. ಅವನನ್ನು ಯಾರೂ ಕೊಲ್ಲಲಿಲ್ಲ, ಹೊರಗಟ್ಟಲಿಲ್ಲ. ಆದರೆ ಅವನ ಮಾತಿನಿಂದ ದ್ರೌಪದಿಯ ಅವಮಾನ ನಿಲ್ಲಲೂ ಇಲ್ಲ. ಕೊನೆಗೆ ಅವನು ಅದೇ ಅಣ್ಣಂದಿರ ಪರವಾಗಿ ಕಾದಿ ಸತ್ತ. ಮಾತಿಗೆ ಅವಕಾಶವಿದ್ದು ಫಲವಿಲ್ಲದ ಸಭೆ, ಮಾತಿಲ್ಲದ ಸಭೆಗಿಂತ ಬಹಳ ಮೇಲಲ್ಲ.

ಗಣರಾಜ್ಯವನ್ನು ಇದರಿಂದ ಹೊಗಳಿದಂತಾಯಿತೆಂದು ವಾಚಕರು ತಿಳಿಯಬಾರದು. ಅವರದೇ ಹಿರಿಯ ಯೋಧ ಹ್ಯಾನ್ಲನ್, ಈ ಯುದ್ಧ ಹುಡುಗರನ್ನು ವ್ಯರ್ಥವಾಗಿ ಬಲಿಕೊಡುತ್ತಿದೆಯೆಂದು ನೊಂದು, ತನ್ನ ಸೈನ್ಯ ಹಿಂದೆ ಸರಿಯಲೆಂದು ಗೂಢಚಾರ ವರದಿಗಳನ್ನೇ ತಿದ್ದುತ್ತಾನೆ. ನೇರವಾಗಿ ಹೇಳಿದರೆ ಕೇಳುವವರಿದ್ದಿದ್ದರೆ ಅಂಥವನು ಸುಳ್ಳಿಗೆ ಇಳಿಯುತ್ತಿದ್ದನೇ? ಇನ್ನೊಂದು ಪ್ರಸಂಗ ನನ್ನನ್ನು ಈಗಲೂ ಕಾಡುತ್ತದೆ. ಗಣರಾಜ್ಯದ ಗೇಣಿದಾರರ ಹೊಲಗಳಿಗೆ ನೀರು ಸಾಲದಾಗಿದೆ. ವೆಸ್ಟ್‌ಸೈಡ್ ಎಂಬ ಬಡವರ ಕೇರಿಗೆ ಯಾರೋ ಅದನ್ನು ಗುಟ್ಟಾಗಿ ತಿರುಗಿಸಿದ್ದಾರೆ. ಇದನ್ನು ಪತ್ತೆಮಾಡಹೊರಟ ಕಾರ್ಪೊರಲ್ ವೈಟ್ ಎಂಬ ಸಿಪಾಯಿ ಕೊಲೆಯಾಗಿದ್ದಾನೆ. ಕೊಂದವನು ಆಂಡರ್ಸನ್, ಬಡವರ ಸೇವೆಗೆ ಬಾಳನ್ನು ಕೊಟ್ಟ ಸಂಘದವನು. ವಿಚಾರಣೆಗೆ ಹೋದ ನಾನು ಎಲ್ಲವನ್ನೂ ತಿಳಿದು ಅಧಿಕಾರಿಯ ಮುಂದೆ ನಿಂತೆ. ನಿಜ ಹೇಳಲಿಲ್ಲ. ಬಡವರಿಗೆ ನೀರು ಉಳಿಯಲೆಂದು ಸುಮ್ಮನಾದೆ. ಆದರೆ ಗೇಣಿದಾರರೂ ಬಡವರೇ ಆಗಿದ್ದರು. ಸತ್ತ ಸಿಪಾಯಿ ತನ್ನ ಕೆಲಸವನ್ನು ಸರಿಯಾಗಿ ಮಾಡಿದ್ದಕ್ಕೆ ಸತ್ತಿದ್ದ. ಇದರಲ್ಲಿ ನಾನು ಮಾಡಿದ್ದು ಸರಿಯೆಂದು ಇವತ್ತಿಗೂ ಹೇಳಲಾರೆ. ಇಂಥ ಪ್ರಸಂಗಗಳಲ್ಲಿ ಆಟದ ಕರ್ತೃಗಳು ನಿಜವಾದ ಕಥೆಗಾರರಾಗಿದ್ದಾರೆ.

ಇಷ್ಟೆಲ್ಲ ತೊಡಕೇಕೆ, ಎಲ್ಲರನ್ನೂ ದಬ್ಬಿ ನಾವೇ ಆಳೋಣ ಎನ್ನುವವರಿಗಾಗಿ ನಾಲ್ಕನೆಯ ದಾರಿಯಿದೆ. ಬಹುಮಂದಿ ಆಟಗಾರರಿಗೆ ಸ್ವಾತಂತ್ರ್ಯವೆಂಬ ಹೆಸರಿನ ಈ ದಾರಿ ಅತ್ಯಂತ ಶುದ್ಧವೆಂದು ಕಾಣುವುದರಲ್ಲಿ ಆಶ್ಚರ್ಯವಿಲ್ಲ. ನನಗೂ ಕಂಡಿತ್ತು. ಅಲ್ಲಿ ಪಂಥವನ್ನು ನಾಶಮಾಡೆಂದು ಯಾರೂ ಆಜ್ಞೆ ಕೊಡುವುದಿಲ್ಲ. ಮಾಡಿದರೂ ಯೆಸ್ ಮ್ಯಾನ್ ನಗುತ್ತಾನೆ, ಮಾಡದಿದ್ದರೂ ನಗುತ್ತಾನೆ. ಅವನ ದೇಹವನ್ನು ಒಡೆದು ಹಾಕಿದರೆ ಇನ್ನೊಂದು ಯಂತ್ರದೊಳಗೆ ಹೊಕ್ಕು ಅದೇ ನಗುಮುಖದಿಂದ ಬರುತ್ತಾನೆ. ಎರಡನೆಯ ಸಲ ಆಡುವಾಗ ಆ ನಗು ನನಗೆ ಸಹಿಸದಾಯಿತು. ಹೌಸ್‌ನ ಬಳಿ ನಾನು ‘ಬೇಡ’ ಎನ್ನುವಂತಿರಲಿಲ್ಲ. ಇಲ್ಲಿ ನನಗೆ ‘ಬೇಡ’ ಎನ್ನುವವರೇ ಇರಲಿಲ್ಲ. ಅಳತೆಗೋಲು ಅದೇ, ಹೌಸ್ ಕುಳಿತಿದ್ದ ಕುರ್ಚಿಯಲ್ಲಿ ಈಗ ನಾನು ಕುಳಿತಿದ್ದೆ, ಅಷ್ಟೆ. ಈ ಪಾತ್ರವನ್ನು ಹಾಸ್ಯಕ್ಕೆಂದು ಸೃಷ್ಟಿಸಿರಬಹುದು. ಆದರೆ ಅಧಿಕಾರದ ವಿಚಾರವಾಗಿ ಈ ಆಟ ಹೇಳುವ ಅತ್ಯಂತ ಗಂಭೀರವಾದ ಮಾತು ಇದೇ ಎಂದು ನನ್ನ ಅಭಿಪ್ರಾಯ.

ಯಾವ ಕಡೆಗೂ ಸೇರದೆ ಬಲರಾಮನಂತೆ ತೀರ್ಥಯಾತ್ರೆಗೆ ಹೊರಟುಬಿಡಬಹುದಲ್ಲವೇ ಎಂದು ಕೇಳಬಹುದು. ಹೊರಡಬಹುದು, ಮರುಭೂಮಿ ವಿಸ್ತಾರವಾಗಿದೆ. ಆದರೆ ಎಷ್ಟು ದಿನ ಅಲೆದು ಬಂದರೂ ಯುದ್ಧ ನಮಗಾಗಿ ಕಾದು ನಿಂತಿರುತ್ತದೆ. ಇದು ಆಟದ ಅನುಕೂಲ, ಕಲೆಯ ದೃಷ್ಟಿಯಿಂದ ಒಂದು ಲೋಪ. ಬಲರಾಮ ಹಿಂತಿರುಗುವ ವೇಳೆಗೆ ಹದಿನೆಂಟನೆಯ ದಿನ ಬಂದು ಯುದ್ಧ ಬಹುಮಟ್ಟಿಗೆ ಮುಗಿದೇ ಹೋಗಿತ್ತು. ಲೋಕದಲ್ಲಿ ಯಾವ ಯುದ್ಧವೂ ಯಾತ್ರಿಕನಿಗಾಗಿ ಕಾಯುವುದಿಲ್ಲ.

ಕಡೆಗೆ ನಾನು ಗಣರಾಜ್ಯದ ಕಡೆ ನಿಂತೆ. ಆಟ ಮುಗಿದಾಗ ಒಂದೊಂದು ಊರಿಗೂ ಏನಾಯಿತೆಂದು ಚಿತ್ರಗಳೊಡನೆ ಓದಿ ಹೇಳುತ್ತಾರೆ. ನನ್ನ ಗೆಲುವಿನಿಂದ ಎಲ್ಲರಿಗೂ ಒಳ್ಳೆಯದಾಗಲಿಲ್ಲ. ತಮ್ಮ ಪಾಡಿಗೆ ತಾವಿದ್ದ ಊರುಗಳಿಗೆ ತೆರಿಗೆ ಬಂತು, ಕೆಲವರು ಮನೆ ಬಿಟ್ಟು ಹೋದರು. ಅಳಿಯ ಪಕ್ಕದಲ್ಲಿ ಕುಳಿತು ನೋಡುತ್ತಿದ್ದ. “ನೋಡಿದಿರಾ ಮಾವ, ನಾನು ಹೇಳಲಿಲ್ಲವೇ?” ಎಂದ.

“ಕಳ್ಳರು ಹೌದಪ್ಪ,” ಎಂದೆ. “ಆದರೆ ಬಂಕರಿನವರು ಬದುಕಿದ್ದಾರೆ. ಉಳಿದಿಬ್ಬರ ಕಡೆ ಸೇರಿದ್ದರೆ ಬದುಕುತ್ತಿರಲಿಲ್ಲ. ಅವರನ್ನು ಕೇಳಿ ನೋಡು, ಎಲ್ಲ ಒಂದೇ ಅನ್ನುತ್ತಾರೋ ಹೇಗೆ ಎಂದು.”

ಅವನು ಒಪ್ಪಲಿಲ್ಲ. ನೀರಿನ ಪ್ರಸಂಗದಲ್ಲಿ ನಾನು ಸುಳ್ಳು ಹೇಳಿದ್ದನ್ನು ಎತ್ತಿ ಆಡಿದ. ಆ ರಾತ್ರಿ ಊಟದ ಹೊತ್ತಿಗೂ ಚರ್ಚೆ ಮುಗಿಯಲಿಲ್ಲ. ಅವನ ತಾಯಿ ಇಬ್ಬರನ್ನೂ ಗದರಿಸಿ ಎಬ್ಬಿಸಬೇಕಾಯಿತು. ‘ಎಲ್ಲರೂ ಒಂದೇ’ ಎಂದು ಕೈತೊಳೆದುಕೊಂಡಿದ್ದ ಹುಡುಗ ಯಾವುದು ಸರಿಯೆಂದು ಅಷ್ಟು ಹೊತ್ತು ವಾದಿಸಿದನೆಂಬುದೇ ನನಗೆ ಸಮಾಧಾನ. ಹದಿನೈದು ವರ್ಷ ದಾಟಿದ ಒಂದು ಆಟಕ್ಕೆ ಇದಕ್ಕಿಂತ ದೊಡ್ಡ ಪ್ರಶಂಸೆಯನ್ನು ನಾನು ಕೊಡಲಾರೆ.