ಕಿಲೋಮೀಟರಿಗೆ ಏಳು ರೂಪಾಯಿ

ನಮ್ಮೂರಿನ ಖಗೋಳಾಸಕ್ತರ ಸಂಘ ಸಭೆ ಕರೆದರೆ ನಾನು ತಪ್ಪಿಸುವುದಿಲ್ಲ. ವಂತಿಗೆ ಎತ್ತಿ ಕೊಂಡ ಒಂದೇ ಒಂದು ದೂರದರ್ಶಕವನ್ನು ಎಳೆಗೂಸಿನ ಹಾಗೆ ಹೊತ್ತು ಶಾಲೆಶಾಲೆ ತಿರುಗುವ ಹುಡುಗರ ಸಂಘ ಅದು. ಅವರ ಮೇಲೆ ಅಭಿಮಾನವಿದೆ. ಇದ್ದುದರಿಂದಲೇ, ಕಳೆದ ರಾಷ್ಟ್ರೀಯ ಬಾಹ್ಯಾಕಾಶ ದಿನದಂದು ಅವರು ನಡೆಸಿದ ಸಾರ್ವಜನಿಕ ಸಭೆಯ ಬಗ್ಗೆ ಎರಡು ಮಾತು ಖಾರವಾಗಿಯೇ ಬರೆಯುತ್ತಿದ್ದೇನೆ.

ವಿಷಯ ಮಂಗಳಯಾನ. ಮುಖ್ಯ ಅತಿಥಿಗಳು ಮುಕ್ಕಾಲು ಗಂಟೆ ಮಾತನಾಡಿದರು. ಅದರಲ್ಲಿ ಅರ್ಧ ಹೊತ್ತು ಲೆಕ್ಕಾಚಾರ. 450 ಕೋಟಿ ರೂಪಾಯಿ, ಸುಮಾರು 65 ಕೋಟಿ ಕಿಲೋಮೀಟರ್, ಅಂದರೆ ಕಿಲೋಮೀಟರಿಗೆ ಏಳೇ ರೂಪಾಯಿ, ಆಟೋಗಿಂತ ಅಗ್ಗ! ಚಪ್ಪಾಳೆಯೋ ಚಪ್ಪಾಳೆ. 2014ರಿಂದಲೂ ಈ ಲೆಕ್ಕ ಕೇಳುತ್ತಲೇ ಬಂದಿದ್ದೇನೆ. ಕಿವಿಗೆ ಇಂಪು, ಆದರೆ ಅದರಿಂದ ತಿಳಿಯುವುದೇನೂ ಇಲ್ಲ. ಆಟೋ ಓಡಿದಷ್ಟು ದೂರವೂ ಪೆಟ್ರೋಲು ಸುಡುತ್ತದೆ. ನೌಕೆ ಹಾಗಲ್ಲ. 2013ರ ಡಿಸೆಂಬರ್ 1ರಂದು ಭೂಮಿಯಿಂದ ಬಿಡಿಸಿಕೊಂಡ ಮೇಲೆ, ನಡುವೆ ಮಾಡಿದ ಸಣ್ಣಪುಟ್ಟ ತಿದ್ದುಪಡಿ ಬಿಟ್ಟರೆ, ಅದು ಎಂಜಿನ್ನಿನ ಹಂಗಿಲ್ಲದೆ ಸೂರ್ಯನ ಸುತ್ತ ಸಾಗುತ್ತಲೇ ಇತ್ತು. ಇಂಧನದ ಬಹುಪಾಲು ಬೇಕಾದದ್ದು ಹೊರಡುವಾಗ ಮತ್ತು ತಲುಪುವಾಗ. ಇಷ್ಟು ಹೇಳಿದ್ದರೆ ಮನೆಗೆ ಹೋಗುವಾಗ ಏನೋ ತಿಳಿದುಕೊಂಡೆವು ಅನ್ನಿಸುತ್ತಿತ್ತು.

ಹಿಂದಿನ ಸಾಲಿನಿಂದ ಪಿಯುಸಿ ಓದುವ ಹುಡುಗಿಯೊಬ್ಬಳು ಎದ್ದು, "ಸಾರ್, ಅಲ್ಲಿಗೆ ಹೋದ ಮೇಲೆ ಎಂಜಿನ್ ಹೊತ್ತಿಕೊಳ್ಳದೇ ಹೋಗಿದ್ದರೆ?" ಎಂದು ಕೇಳಿದಳು. ಅತಿಥಿಗಳು ನಕ್ಕು, "ಒಳ್ಳೆಯದನ್ನೇ ಯೋಚಿಸಬೇಕಮ್ಮ" ಅಂದರು. ಅಷ್ಟರಲ್ಲಿ ವಂದನಾರ್ಪಣೆ ಶುರುವಾಯಿತು.

ಇಡೀ ಸಂಜೆಯ ಜೀವಾಳ ಆ ಪ್ರಶ್ನೆ. ಇಸ್ರೋದವರು ನಿದ್ದೆಗೆಟ್ಟದ್ದೂ ಅದಕ್ಕಾಗಿಯೇ. ದೊಡ್ಡ ಎಂಜಿನ್ ಸುಮಾರು 300 ದಿನ ಸುಮ್ಮನೆ ಮಲಗಿತ್ತು. 2014ರ ಸೆಪ್ಟೆಂಬರ್ 22ರಂದು ಅದನ್ನು ಸುಮಾರು ನಾಲ್ಕು ಸೆಕೆಂಡು ಹೊತ್ತಿಸಿ ನೋಡಿದರು. ಎರಡು ದಿನದ ನಂತರ ಸುಮಾರು 24 ನಿಮಿಷ ಉರಿಸಬೇಕಿತ್ತು. ಅದು ಕೈಕೊಟ್ಟರೆ ಇರಲಿ ಎಂದು ಎಂಟು ಪುಟ್ಟ ಎಂಜಿನ್‌ಗಳ ಬದಲಿ ಏರ್ಪಾಡೂ ಇತ್ತು. ಭೂಮಿಯಿಂದ ಕಳಿಸಿದ ಸಂದೇಶ ಅಲ್ಲಿಗೆ ಮುಟ್ಟಲು ಹನ್ನೆರಡು ನಿಮಿಷದ ಮೇಲೆ ಬೇಕು. ಸಾಲದ್ದಕ್ಕೆ ಎಂಜಿನ್ ಉರಿಯುತ್ತಿರುವಾಗಲೇ ನೌಕೆ ಮಂಗಳನ ಮರೆಗೆ ಸರಿಯುತ್ತದೆ, ಸಂಪರ್ಕ ಕಡಿಯುತ್ತದೆ. ಹಾಗಾಗಿ ಏನು ಮಾಡಬೇಕೆಂಬುದನ್ನೆಲ್ಲ ಮೊದಲೇ ಕಲಿಸಿ ಕಳಿಸಿರಬೇಕು. ಒಳ್ಳೆಯದನ್ನೇ ಯೋಚಿಸುತ್ತ ಕೂತವರಿಂದ ಈ ಕೆಲಸ ಆಗುತ್ತಿರಲಿಲ್ಲ. ಆ ಹುಡುಗಿಯ ಹಾಗೆ ಕೆಟ್ಟದ್ದನ್ನೇ ಒಂದೊಂದಾಗಿ ಯೋಚಿಸಿದವರಿಂದ ಆಯಿತು.

ಭಾಷಣದ ನಡುವೆ ಆ ಪ್ರಸಿದ್ಧ ಚಿತ್ರವೂ ಬಂತು. ರೇಷ್ಮೆ ಸೀರೆ ಉಟ್ಟು, ಹೂ ಮುಡಿದ ಹೆಂಗಸರು ನಗುತ್ತಿರುವ ಚಿತ್ರ. "ನೋಡಿ, ನಮ್ಮ ವಿಜ್ಞಾನಿಗಳು! ಮನೆಯಲ್ಲಿ ಅಡುಗೆ ಮುಗಿಸಿ ಬಂದು ಮಂಗಳ ಮುಟ್ಟಿದವರು" ಎಂದರು. ಅವರು ಆಡಳಿತ ವಿಭಾಗದ ಸಿಬ್ಬಂದಿ ಎಂದು ಇಸ್ರೋವೇ ಆಮೇಲೆ ತಿಳಿಸಿತ್ತು. ಸಂತೋಷಪಡಲು ಅವರಿಗೂ ಹಕ್ಕಿದೆ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ನೌಕೆ ತನ್ನ ನಿರ್ಧಾರ ತಾನೇ ತೆಗೆದುಕೊಳ್ಳುವ ವ್ಯವಸ್ಥೆಗೆ ದುಡಿದ ರಿತು ಕರಿಧಾಲ್ ಅವರ ಹೆಸರು ಒಮ್ಮೆಯೂ ಬರಲಿಲ್ಲ. ಮುಂದೆ 2019ರ ಚಂದ್ರಯಾನ-2ಕ್ಕೆ ಅವರೇ ಮಿಷನ್ ನಿರ್ದೇಶಕಿ, ಎಂ. ವನಿತಾ ಯೋಜನಾ ನಿರ್ದೇಶಕಿ. ಗಂಡಸು ವಿಜ್ಞಾನಿಯಾದರೆ ಏನು ಕಂಡುಹಿಡಿದ ಎಂದು ಕೇಳುತ್ತಾರೆ. ಹೆಂಗಸಾದರೆ ಬೆಳಗಿನ ತಿಂಡಿ ಯಾರು ಮಾಡಿದರು ಎಂದು. ನಾವು ಹೆಂಗಸರೂ ಅದಕ್ಕೇ ಹೆಚ್ಚು ಜೋರಾಗಿ ಚಪ್ಪಾಳೆ ತಟ್ಟುತ್ತೇವೆ, ಅದು ಬೇರೆ ಮಾತು!

ಸಂಘದ ಹುಡುಗರಲ್ಲಿ ನನ್ನದೊಂದು ಕೋರಿಕೆ. ಆಗಸ್ಟಿನ ಮೋಡದಲ್ಲಿ ದೂರದರ್ಶಕ ಮೂಲೆಯಲ್ಲೇ ಉಳಿಯಿತು. ಮುಂದಿನ ಸಭೆ ಜನವರಿಯಲ್ಲಿ, ಬಯಲಿನಲ್ಲಿ ಇರಲಿ. ಭಾಷಣ ಇಪ್ಪತ್ತು ನಿಮಿಷ ಸಾಕು. ಪ್ರಶ್ನೆಗಳನ್ನು ಹಿಂದಿನ ಸಾಲಿನಿಂದ ಶುರುಮಾಡಿ. ಆ ಹುಡುಗಿಗೆ ಒಂದು ಆಹ್ವಾನ ಪತ್ರಿಕೆಯನ್ನು ಮರೆಯದೆ ಕಳಿಸಿ.