ಲಾಮಾ ಕ್ಯಾಂಪಿನ ಆಚೆಗೂ ಒಂದು ಒಲೆ

ಟಿಬೆಟ್ ಕುರಿತ ವಿದ್ವತ್ತಿನಲ್ಲಿ ಅಮೆರಿಕದ ಮಾನವಶಾಸ್ತ್ರಜ್ಞ ಮೆಲ್ವಿನ್ ಗೋಲ್ಡ್‌ಸ್ಟೈನ್ ದೊಡ್ಡ ಹೆಸರು. ಆಧುನಿಕ ಟಿಬೆಟ್ಟಿನ ಇತಿಹಾಸ ಸಂಪುಟಗಳು, ಪಶ್ಚಿಮ ಟಿಬೆಟ್ಟಿನ ಅಲೆಮಾರಿ ಪಶುಪಾಲಕರ ಅಧ್ಯಯನ ಇವೆಲ್ಲ ಆಮೇಲೆ ಬಂದವು. ಅದಕ್ಕೂ ಮುಂಚೆ, ಅರವತ್ತರ ದಶಕದಲ್ಲಿ, ಅವರು ಕ್ಷೇತ್ರಕಾರ್ಯ ಮಾಡಿದ್ದು ನಮ್ಮ ಮುಂಡಗೋಡಿನಂಥದೇ ಇನ್ನೊಂದು ಟಿಬೆಟನ್ ವಸತಿಯಾದ ಬೈಲಕುಪ್ಪೆಯಲ್ಲಿ. ದಕ್ಷಿಣ ಭಾರತದ ಟಿಬೆಟನ್ ನಿರಾಶ್ರಿತರ ಹೊಸ ಅಸ್ಮಿತೆ ಹಾಗೂ ಸಂಪನ್ಮೂಲಗಳ ಪೈಪೋಟಿ ಕುರಿತು 1978ರಲ್ಲಿ ಅವರು ಪ್ರಕಟಿಸಿದ ಪ್ರಬಂಧವನ್ನು ಈ ಭಾಗದವರು ಓದಲೇಬೇಕು. ಓದಿ ಜಗಳವನ್ನೂ ಆಡಬೇಕು.

ಅದರ ಬಲ ಇರುವುದು ಆಡಳಿತವನ್ನು ನೋಡುವ ಕಣ್ಣಿನಲ್ಲಿ. ಟಿಬೆಟನ್ನರು ಇಲ್ಲಿ ನೆಲೆ ನಿಂತದ್ದಕ್ಕೆ ಅವರ ಶ್ರದ್ಧೆ, ದುಡಿಮೆಗಳನ್ನಷ್ಟೇ ಗೋಲ್ಡ್‌ಸ್ಟೈನ್ ಕಾರಣವಾಗಿ ಹೇಳುವುದಿಲ್ಲ. ಪ್ರತ್ಯೇಕ ವಸತಿ, ಒಳಾಡಳಿತದ ಸ್ವಾತಂತ್ರ್ಯ ಕೊಟ್ಟ ಸರ್ಕಾರದ ನೀತಿಯನ್ನು ಮುಂದಿಡುತ್ತಾರೆ. 1951ರ ನಿರಾಶ್ರಿತರ ಒಪ್ಪಂದಕ್ಕೆ ಭಾರತ ಇಂದಿಗೂ ಸಹಿ ಹಾಕಿಲ್ಲ. ಆದರೂ 1966ರಲ್ಲಿ, ನಿಜಲಿಂಗಪ್ಪನವರು ಮುಖ್ಯಮಂತ್ರಿಯಾಗಿದ್ದಾಗ, ಮುಂಡಗೋಡಿನಲ್ಲಿ ಸುಮಾರು 4 ಸಾವಿರ ಎಕರೆಯ ಟಿಬೆಟನ್ ವಸತಿ, ಅಂದರೆ ಲಾಮಾ ಕ್ಯಾಂಪ್, ಎದ್ದಿತು. ಟಿಬೆಟನ್ನರ ಪುನರ್ವಸತಿಗೆಂದೇ 1968ರಲ್ಲಿ ಹುಟ್ಟಿದ ಮೈರಾಡ ಎಂಬ ಸ್ವಯಂಸೇವಾ ಸಂಸ್ಥೆ ಮುಂದೆ ಸ್ವಸಹಾಯ ಸಂಘಗಳ ದಾರಿ ಹಿಡಿಯಿತು. ಇಂದು ಹಳ್ಳಿಹಳ್ಳಿಯ ಹೆಂಗಸರು ಬ್ಯಾಂಕಿನ ಮೆಟ್ಟಿಲು ಹತ್ತುತ್ತಿರುವುದರ ಹಿಂದೆ ಆ ಅನುಭವದ ಪಾಲೂ ಇದೆ. ಇದು ಸಣ್ಣ ಮಾತಲ್ಲ.

ನನ್ನ ತಕರಾರು ಇರುವುದು ‘ಪೈಪೋಟಿ’ ಎಂಬ ಚೌಕಟ್ಟಿನ ಬಗ್ಗೆ. ಬಾರ್ಲಿ ಹುರಿದು ಬೀಸಿದ ತ್ಸಂಪಾ ತಿಂದು ಬೆಳೆದವರಿಗೆ ಮುಂಡಗೋಡಿನ ಮಳೆ ಕೊಟ್ಟದ್ದು ಗೋವಿನಜೋಳ ಮತ್ತು ಭತ್ತ. ಕೊಯ್ಲಿನ ಕಾಲಕ್ಕೇ ಸ್ವೆಟರ್ ವ್ಯಾಪಾರದ ಹಂಗಾಮೂ ಬರುತ್ತದೆ. ಮನೆಯ ಗಟ್ಟಿಗರು ಗಂಟು ಕಟ್ಟಿಕೊಂಡು ದೂರದ ಊರುಗಳಿಗೆ ಹೊರಟ ಮೇಲೆ ತೆನೆ ಮುರಿಯುವವರು ಯಾರು? ಸುತ್ತಲಿನ ಹಳ್ಳಿ, ತಾಂಡಾಗಳ ಕೂಲಿಯವರು. ಹೊಲವನ್ನು ಲಾವಣಿಗೆ ಹಿಡಿದ ಇಲ್ಲಿಯ ರೈತರು. ಒಂದೇ ಹೊಲದ ಕಾಳು ಎರಡು ಒಲೆಗಳನ್ನು ಉರಿಸುತ್ತದೆ. ಈ ಪರಸ್ಪರ ಅವಲಂಬನೆಯನ್ನು ಪೈಪೋಟಿ ಎಂಬ ಒಂದೇ ಹೆಸರಿನಲ್ಲಿ ಹಿಡಿಯಲಾಗದು.

ಇನ್ನೂ ಕಷ್ಟದ ಪ್ರಶ್ನೆಯೊಂದಿದೆ. ಕೇಂದ್ರದ 2014ರ ಟಿಬೆಟನ್ ಪುನರ್ವಸತಿ ನೀತಿ ಜಮೀನಿನ ಗುತ್ತಿಗೆಯನ್ನು ಭದ್ರಪಡಿಸುವ, ಪಡಿತರ, ಉದ್ಯೋಗ ಖಾತ್ರಿಗಳನ್ನು ಅವರಿಗೂ ವಿಸ್ತರಿಸುವ ಮಾತಾಡಿತು. ಅದು ನ್ಯಾಯವೇ. ಆದರೆ ಇದೇ ಕಾಡಂಚಿನ ಲಂಬಾಣಿ, ಗೌಳಿ ಕುಟುಂಬಗಳು ‘ಅತಿಕ್ರಮಣದಾರರು’ ಎನಿಸಿಕೊಂಡು, 2006ರ ಅರಣ್ಯ ಹಕ್ಕು ಕಾಯ್ದೆಯಡಿ 75 ವರ್ಷಗಳ ವಾಸಕ್ಕೆ ದಾಖಲೆ ಹುಡುಕುತ್ತಾ ಅಲೆಯುತ್ತಿವೆ. ಜಿಲ್ಲೆಯಲ್ಲಿ ಅಂಥ ಸಾವಿರಾರು ಅರ್ಜಿಗಳು ತಿರಸ್ಕೃತವಾಗಿವೆ. ತಪ್ಪು ಟಿಬೆಟನ್ನರದಲ್ಲ. ಸರ್ಕಾರ ಮನಸ್ಸು ಮಾಡಿದರೆ ಭೂಮಿ, ಸಹಕಾರ ಸಂಘ, ಶಾಲೆ, ಆಸ್ಪತ್ರೆ ಎಲ್ಲವನ್ನೂ ಒಟ್ಟಿಗೆ ಕೊಡಬಲ್ಲದು ಎಂಬುದಕ್ಕೆ ಅವರ ಕಾಲೊನಿಯೇ ಸಾಕ್ಷಿ. ಹಾಗಿದ್ದ ಮೇಲೆ ಬೇಲಿಯಾಚೆಯವರಿಗೆ ಅದೇಕೆ ದಕ್ಕಲಿಲ್ಲ?

1978ರ ಪ್ರಬಂಧವೊಂದೇ ಇದಕ್ಕೆಲ್ಲ ಉತ್ತರ ಕೊಡಬೇಕೆಂದು ಕೇಳುವುದು ಅನ್ಯಾಯ. ಆ ಕೆಲಸ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ್ದು, ಅಲ್ಲಿಯ ಕೃಷಿ ವಿಶ್ವವಿದ್ಯಾಲಯದ್ದು. ಕ್ಯಾಂಪಿನ ಒಂದು ಮನೆ, ತಾಂಡಾದ ಒಂದು ಮನೆ ಎರಡನ್ನೂ ಒಂದೇ ವರ್ಷ ಕೂತು ನೋಡಲಿ: ಲಾವಣಿಯ ಕರಾರು, ಕೂಲಿಯ ದರ, ಪಡಿತರ ಚೀಟಿ, ಬೇಸಿಗೆಯಲ್ಲಿ ಕಣಜದಲ್ಲಿ ಉಳಿದ ಕಾಳು.