ಬೌಲ್ ಒಳಗಿನ ಕೂಲಿಯಾಳು

‘ಜೀರೋ ಮೇಂಟೆನೆನ್ಸ್’ ಅಂತ ಯಾರಾದ್ರೂ ಏನಾದ್ರೂ ಮಾರೋಕೆ ಬಂದ್ರೆ ನಮ್ಮಂಥ ಸಾಫ್ಟ್‌ವೇರ್ ಜನ ಮೊದಲು ಅನುಮಾನ ಪಡಬೇಕು. ಮೇಂಟೆನೆನ್ಸ್ ಮಾಡಿಯೇ ಸಂಬಳ ತಗೊಳ್ಳೋರು ನಾವು. ಆದರೂ ನಾನು ಬಿದ್ದೆ.

ಬೀಳಿಸಿದ್ದು ಒಂದು ವಿಡಿಯೋ. ಗಾಜಿನ ಬೌಲ್, ತಳದಲ್ಲಿ ಮಣ್ಣು, ಅದರ ಮೇಲೆ ಮರಳು, ನಾಲ್ಕು ಗಿಡ, ಐದು ರ್‍ಯಾಮ್ಸ್‌ಹಾರ್ನ್ ಬಸವನಹುಳು. ಫಿಲ್ಟರ್ ಬೇಡ, ನೀರು ಬದಲಿಸೋದು ಬೇಡ. ಹುಳುಗಳೇ ‘ಕ್ಲೀನಿಂಗ್ ಟೀಮ್’. ಹಿನ್ನೆಲೆಯಲ್ಲಿ ಪಿಯಾನೋ.

ನಾನೂ ಆರು ಲೀಟರಿನ ಬೌಲ್ ತಂದೆ. ಜೀವಿಗಳಿಗೆ ಶುದ್ಧ ನೀರೇ ಇರಲಿ ಅಂತ ಅಡುಗೆಮನೆಯ ಆರ್‌ಒ ನೀರು ತುಂಬಿದೆ. ಎರಡು ತಿಂಗಳಲ್ಲಿ ಚಿಪ್ಪುಗಳು ಸುಣ್ಣ ಉದುರಿದ ಗೋಡೆ ಥರ ಬೆಳ್ಳಗಾಗಿ ಗುಳಿ ಬಿದ್ದವು. ಎರಡು ಹುಳು ಸತ್ತವು. ಆ ವಾರ ಊರಿಂದ ಬಂದಿದ್ದ ಅವ್ವ ಬೌಲ್ ಮುಂದೆ ಕೂತು, ಇವು ಪಾಚಿ ತಿಂದು ಕ್ಲೀನ್ ಮಾಡ್ತವೆ ಅನ್ನೋ ನನ್ನ ಭಾಷಣ ಪೂರ್ತಿ ಕೇಳಿದಳು. ಆಮೇಲೆ, “ಗೇಯಾಕೆ ಮಡಿಕಂಡಿದ್ದೀಯ, ಸರಿ. ಹೊಟ್ಟೆಗೇನ್ ಹಾಕ್ತೀಯ?” ಅಂದಳು.

ಇಂಥ ವಿಡಿಯೋಗಳ ಬಗ್ಗೆ ನನ್ನ ತಕರಾರು ಪೂರ್ತಿ ಆ ಪ್ರಶ್ನೆಯಲ್ಲೇ ಇದೆ. ಬಸವನಹುಳುವಿನ ಚಿಪ್ಪು ಕ್ಯಾಲ್ಸಿಯಂ ಕಾರ್ಬೊನೇಟ್. ಅದನ್ನು ಕಟ್ಟೋಕೆ ಬೇಕಾದ ಕ್ಯಾಲ್ಸಿಯಂ ಬರೋದು ನೀರಿಂದ, ಆಹಾರದಿಂದ. ಆರ್‌ಒ ಯಂತ್ರ ಲವಣಗಳನ್ನೇ ಸೋಸಿ ತೆಗೆಯುತ್ತೆ. ನಮಗೆ ಶುದ್ಧ ಅನ್ನಿಸಿದ್ದು ಅದಕ್ಕೆ ಬರಗಾಲ. ನಾವು ಬೈಯುವ, ಬಕೆಟ್‌ಗೆ ಬಿಳಿ ಪದರ ಕಟ್ಟುವ ಬೋರ್‌ವೆಲ್ ನೀರೇ ಅದಕ್ಕೆ ಒಗ್ಗೋದು.

‘ಕ್ಲೀನಿಂಗ್’ ಅನ್ನೋ ಮಾತೂ ಅರ್ಧ ಸುಳ್ಳು. ಹುಳು ಪಾಚಿ ತಿನ್ನುತ್ತೆ, ಹಿಕ್ಕೆ ಹಾಕುತ್ತೆ. ಕೊಳೆ ರೂಪ ಬದಲಿಸಿ ಅಲ್ಲೇ ಉಳಿಯುತ್ತೆ. ಅದನ್ನು ಗಿಡ ಹೀರಿಕೊಂಡು ಬೆಳೀಬೇಕು, ಬೆಳೆದ ಗಿಡವನ್ನು ನಾವು ಕತ್ತರಿಸಿ ಹೊರಗೆ ಹಾಕಬೇಕು, ಆಗಾಗ ಸ್ವಲ್ಪ ನೀರೂ ಬದಲಿಸಬೇಕು. ಹುಳುಗಳು ನೂರಾದಾಗ ಜನ ಅವನ್ನು ಬೈತಾರೆ. ರ್‍ಯಾಮ್ಸ್‌ಹಾರ್ನ್ ಗಂಡೂ ಹೌದು, ಹೆಣ್ಣೂ ಹೌದು. ತಿನ್ನೋಕೆ ಸಿಕ್ಕಷ್ಟೂ ಮೊಟ್ಟೆ ಇಡುತ್ತೆ. ಹೆಚ್ಚಿಗೆ ಆಹಾರ ಸುರಿದವರು ನಾವೇ. ಹುಳುಗಳ ಸಂಖ್ಯೆ ನಮ್ಮ ಕೈಯ ಲಾಗ್ ಫೈಲ್.

ಗಿಡದ ಬೌಲೇ ಮೋಸ ಅಂತ ನಾನು ಹೇಳ್ತಿಲ್ಲ. ಮರಳಿನ ಕೆಳಗೆ ಮಣ್ಣು, ತುಂಬಾ ಗಿಡ ಅನ್ನೋ ಪದ್ಧತಿಯನ್ನು ಜನಪ್ರಿಯ ಮಾಡಿದ್ದು ಅಮೆರಿಕದ ಡಯಾನಾ ವಾಲ್‌ಸ್ಟಾಡ್ 1999ರಲ್ಲಿ ತಂದ ಪುಸ್ತಕ. ಗಿಡ ಅಮೋನಿಯಾ ಹೀರುವುದರಿಂದ ಕೆಲಸ ಕಡಿಮೆ ಆಗುತ್ತೆ, ನಿಜ. ವಿಡಿಯೋದವರು ‘ಕಡಿಮೆ’ ಅನ್ನೋದನ್ನ ‘ಇಲ್ಲ’ ಅಂತ ಮಾಡಿ ಮಾರ್ತಾರೆ. ಕೊಳ್ಳೋ ನಮಗೂ ಅದೇ ಬೇಕು: ಜೀವ ಬೇಕು, ಜವಾಬ್ದಾರಿ ಬೇಡ.

ಈಗ ಬೋರ್‌ವೆಲ್ ನೀರನ್ನು ದಿನಾ ಒಂದೊಂದು ಲೋಟದಂತೆ ಬೆರೆಸಿ ಒಗ್ಗಿಸಿದ್ದೇನೆ. ಹಕ್ಕಿ ಪಂಜರಕ್ಕೆ ಹಾಕುವ ಕಟಲ್‌ಬೋನ್ ಚೂರೊಂದು ತಳದಲ್ಲಿದೆ. ವಾರಕ್ಕೊಮ್ಮೆ ಬೇಯಿಸಿದ ಪಾಲಕ್ ಎಲೆ ಹಾಕಿ, ಉಳಿದದ್ದನ್ನು ಮಾರನೆ ದಿನ ತೆಗೀತೀನಿ. ಉಳಿದ ಮೂರು ಹುಳುಗಳ ಚಿಪ್ಪಿನ ಅಂಚು ಹೊಸದಾಗಿ ನುಣ್ಣಗೆ ಬೆಳೆದಿದೆ. ಸುರುಳಿಯ ನಡುವಿನ ಬಿಳಿ ಗುಳಿಗಳು ಮಾತ್ರ ಹಾಗೇ ಇವೆ. ಅವು ಮಾಯೋದಿಲ್ಲ. ಅವ್ವ ಫೋನ್ ಮಾಡಿದಾಗಲೆಲ್ಲ ಹುಳ ಉಣ್ತಾವಾ ಅಂತ ಕೇಳ್ತಾಳೆ.